ಬೇರಿಂಗ್ ಬದಲಿಸುವ ಮೊದಲು ಬ್ಯಾಲೆನ್ಸ್ ನೋಡಿ

ಹಿಟ್ಟಿನ ಗಿರಣಿಯ ಬ್ಲೋವರ್ ಇರಲಿ, ಖಾರದಪುಡಿ ಮಾಡುವ ಪಲ್ವರೈಸರ್ ಇರಲಿ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವುದೋ ಶೆಡ್ಡಿನ ಎಕ್ಸಾಸ್ಟ್ ಫ್ಯಾನ್ ಇರಲಿ, ಬೇರಿಂಗ್ ಪದೇಪದೇ ಹೋಗುತ್ತಿದ್ದರೆ ಮೊದಲು ಬೈಗುಳ ಬೀಳುವುದು ಬೇರಿಂಗ್ ಕಂಪನಿಗೆ. ಆಮೇಲೆ ಗ್ರೀಸಿಗೆ. ಅದೂ ಮುಗಿದ ಮೇಲೆ ಬೇರಿಂಗ್ ಕೂರಿಸಿದ ಮೆಕ್ಯಾನಿಕ್‌ಗೆ. ಶಾಫ್ಟಿನ ಮೇಲೆ ಕೂತು ದಿನವಿಡೀ ತಿರುಗುವ ಪುಲ್ಲಿ, ಇಂಪೆಲ್ಲರ್, ಹ್ಯಾಮರ್‌ಗಳ ತೂಕ ಸುತ್ತಲೂ ಸಮನಾಗಿ ಹಂಚಿದೆಯೇ ಎಂದು ಕೇಳುವವರು ಅಪರೂಪ. ಹೊಸ ಬೇರಿಂಗ್ ಬರುತ್ತದೆ, ಕೆಲವು ದಿನ ಸದ್ದಿಲ್ಲದೆ ಓಡುತ್ತದೆ, ಮತ್ತೆ ಅದೇ ಗೊರಗೊರ.

ಬ್ಯಾಲೆನ್ಸ್ ತಪ್ಪಿದ ಶಾಫ್ಟು ಬೇರಿಂಗ್‌ಗಳ ಮೇಲೆ ಎಷ್ಟು ಬಲ ಹಾಕುತ್ತದೆ, ಅದನ್ನು ಗುರುತಿಸುವುದು ಹೇಗೆ, ಯಾವುದನ್ನು ನೀವೇ ಸರಿಮಾಡಿಕೊಳ್ಳಬಹುದು, ಯಾವುದನ್ನು ಬ್ಯಾಲೆನ್ಸಿಂಗ್ ಮಾಡುವವರ ಬಳಿ ಒಯ್ಯಬೇಕು ಎಂಬುದನ್ನು ಈ ಲೇಖನ ಹೇಳುತ್ತದೆ. ಗಿರಣಿ ಮಾಲೀಕರು, ಸಣ್ಣ ಕಾರ್ಖಾನೆಗಳ ಮೇಂಟೆನೆನ್ಸ್ ನೋಡಿಕೊಳ್ಳುವವರು, ಮೆಕ್ಯಾನಿಕಲ್ ಓದುತ್ತಿರುವ ಹುಡುಗ ಹುಡುಗಿಯರು ಇದನ್ನು ಬಳಸಿಕೊಳ್ಳಬಹುದು.

ಹತ್ತು ಗ್ರಾಂ ಏನು ಮಾಡುತ್ತದೆ

ತಿರುಗುವ ವಸ್ತುವಿನ ಒಂದು ಬದಿಯಲ್ಲಿ ತೂಕ ಹೆಚ್ಚಿದ್ದರೆ ಅದು ಹೊರಕ್ಕೆ ಎಳೆಯುತ್ತದೆ. ಈ ಎಳೆತ ಮೂರು ಸಂಗತಿಗಳ ಗುಣಲಬ್ಧ: ಹೆಚ್ಚುವರಿ ತೂಕ ಎಷ್ಟು (ಕಿಲೋ), ಶಾಫ್ಟಿನ ಮಧ್ಯದಿಂದ ಎಷ್ಟು ದೂರದಲ್ಲಿದೆ (ಮೀಟರ್), ಮತ್ತು ಕೋನೀಯ ವೇಗದ ವರ್ಗ. ಆರ್‌ಪಿಎಂ ಅನ್ನು 9.55ರಿಂದ ಭಾಗಿಸಿದರೆ ಕೋನೀಯ ವೇಗ ಸಿಗುತ್ತದೆ. ಮೂರನ್ನೂ ಗುಣಿಸಿದರೆ ಬರುವ ಉತ್ತರ ನ್ಯೂಟನ್‌ನಲ್ಲಿರುತ್ತದೆ. ಅದನ್ನು 9.8ರಿಂದ ಭಾಗಿಸಿದರೆ ನಮಗೆ ರೂಢಿಯಿರುವ ಕಿಲೋ ಲೆಕ್ಕ.

ನಮ್ಮ ಗಿರಣಿಗಳಲ್ಲಿ ಸಾಮಾನ್ಯವಾಗಿ ಕಾಣುವ 1440 ಆರ್‌ಪಿಎಂ ಮೋಟರನ್ನೇ ತೆಗೆದುಕೊಳ್ಳಿ. ಅದಕ್ಕೆ ನೇರವಾಗಿ ಜೋಡಿಸಿದ ಬ್ಲೋವರ್ ಇಂಪೆಲ್ಲರಿನಲ್ಲಿ, ಮಧ್ಯದಿಂದ 200 ಮಿಮೀ ದೂರದಲ್ಲಿ, 10 ಗ್ರಾಂ ಹಿಟ್ಟು ಒಂದೇ ಕಡೆ ಹೆಪ್ಪುಗಟ್ಟಿದೆ ಎಂದುಕೊಳ್ಳಿ. ಎಳೆತ 45 ನ್ಯೂಟನ್, ಅಂದರೆ ಸುಮಾರು 4.6 ಕಿಲೋ. ಹತ್ತು ಗ್ರಾಮಿಗೆ ನಾಲ್ಕೂವರೆ ಕಿಲೋ! ಅದೇ ಇಂಪೆಲ್ಲರ್ 2880 ಆರ್‌ಪಿಎಂನಲ್ಲಿ ತಿರುಗಿದರೆ ಎಳೆತ ದುಪ್ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ, ಸುಮಾರು 18.5 ಕಿಲೋ. ಉತ್ಪಾದನೆ ಹೆಚ್ಚಲಿ ಎಂದು ಮೋಟರ್ ಕಡೆಗೆ ದೊಡ್ಡ ಪುಲ್ಲಿ ಹಾಕಿಸುವವರು ಈ ವರ್ಗದ ಲೆಕ್ಕವನ್ನು ನೆನಪಿಡಬೇಕು. ವೇಗ ಶೇ. 20 ಏರಿದರೆ ಅಸಮತೋಲನದ ಬಲ ಶೇ. 44 ಏರುತ್ತದೆ.

ಈ ಬಲ ಬೆಲ್ಟಿನ ಎಳೆತದಂತೆ ಒಂದೇ ದಿಕ್ಕಿಗೆ ಇರುವುದಿಲ್ಲ. ಶಾಫ್ಟಿನ ಜೊತೆ ತಾನೂ ಸುತ್ತುತ್ತದೆ. 1440 ಆರ್‌ಪಿಎಂ ಎಂದರೆ ಸೆಕೆಂಡಿಗೆ 24 ಸುತ್ತು, ಗಂಟೆಗೆ 86,400 ಸುತ್ತು. ಪ್ರತಿ ಸುತ್ತಿನಲ್ಲೂ ಬೇರಿಂಗ್ ಹೌಸಿಂಗ್ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ, ಎಡಕ್ಕೊಮ್ಮೆ, ಬಲಕ್ಕೊಮ್ಮೆ ಜಗ್ಗಿಸಿಕೊಳ್ಳುತ್ತದೆ. ಫೌಂಡೇಶನ್ ಬೋಲ್ಟ್ ಸಡಿಲವಾಗುವುದು, ಬೆಸುಗೆ ಬಿರಿಯುವುದು, ಗ್ರೀಸ್ ಹೊರಬರುವುದು ಎಲ್ಲ ಇದರ ಪರಿಣಾಮ. ಬಾಲ್ ಬೇರಿಂಗಿನ ಆಯಸ್ಸು ಹೊರೆಯ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಹೊರೆ ಕಾಲುಭಾಗ ಹೆಚ್ಚಿದರೆ ಆಯಸ್ಸು ಅರ್ಧಕ್ಕೆ ಬರುತ್ತದೆ, ದುಪ್ಪಟ್ಟಾದರೆ ಎಂಟನೇ ಒಂದು ಭಾಗ ಮಾತ್ರ ಉಳಿಯುತ್ತದೆ.

ಎರಡು ಬೇರಿಂಗ್‌ಗಳ ಪಾಲು

ಎಳೆತ ಒಂದೇ ಆದರೂ ಅದು ಶಾಫ್ಟಿನ ಯಾವ ಜಾಗದಲ್ಲಿದೆ ಎಂಬುದರ ಮೇಲೆ ಎರಡು ಬೇರಿಂಗ್‌ಗಳ ಪಾಲು ಬದಲಾಗುತ್ತದೆ. ಇಬ್ಬರು ಅಡ್ಡೆ ಹೊತ್ತಾಗ ಮೂಟೆ ಯಾರ ಹತ್ತಿರವಿದೆಯೋ ಅವರ ಹೆಗಲಿಗೆ ಹೆಚ್ಚು ಭಾರ ಬೀಳುವ ಲೆಕ್ಕವೇ ಇಲ್ಲಿಯದೂ. ಬೇರಿಂಗ್‌ಗಳ ನಡುವೆ 1000 ಮಿಮೀ ಅಂತರವಿದ್ದು, ಭಾರದ ಬದಿಯಿರುವ ಪುಲ್ಲಿ ಎಡ ಬೇರಿಂಗಿನಿಂದ 250 ಮಿಮೀ ದೂರದಲ್ಲಿದ್ದರೆ ಎಳೆತದ ಮುಕ್ಕಾಲು ಪಾಲು ಎಡಕ್ಕೆ, ಕಾಲು ಪಾಲು ಬಲಕ್ಕೆ. ಎರಡರಲ್ಲಿ ಯಾವಾಗಲೂ ಒಂದೇ ಬೇರಿಂಗ್ ಮೊದಲು ಹೋಗುತ್ತಿದ್ದರೆ ಅದರ ಪಕ್ಕದಲ್ಲಿ ತಿರುಗುತ್ತಿರುವುದನ್ನು ಮೊದಲು ಅನುಮಾನಿಸಿ.

ಪುಲ್ಲಿ ಅಥವಾ ಇಂಪೆಲ್ಲರ್ ಎರಡು ಬೇರಿಂಗ್‌ಗಳ ಹೊರಗೆ ಚಾಚಿಕೊಂಡಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಬೇರಿಂಗ್‌ಗಳ ಅಂತರ 500 ಮಿಮೀ, ಇಂಪೆಲ್ಲರ್ ಮುಂದಿನ ಬೇರಿಂಗಿನಿಂದ 200 ಮಿಮೀ ಹೊರಗೆ. ಆಗ ಮುಂದಿನ ಬೇರಿಂಗ್ ಹೊರುವುದು ಎಳೆತದ 1.4 ಪಟ್ಟು. ಹಿಂದಿನದು 0.4 ಪಟ್ಟನ್ನು ಎದುರು ದಿಕ್ಕಿನಲ್ಲಿ ಹೊರುತ್ತದೆ. ಮೊದಲಿನ 45 ನ್ಯೂಟನ್ ಎಳೆತ ಮುಂದಿನ ಬೇರಿಂಗಿಗೆ ಬರುವಷ್ಟರಲ್ಲಿ 64 ನ್ಯೂಟನ್ ಆಗಿರುತ್ತದೆ. ಬ್ಲೋವರುಗಳಲ್ಲಿ ಇಂಪೆಲ್ಲರ್ ಕಡೆಯ ಬೇರಿಂಗ್ ಮೊದಲು ಕೈಕೊಡುವುದಕ್ಕೆ ಇದೊಂದು ದೊಡ್ಡ ಕಾರಣ. ಪುಲ್ಲಿಯನ್ನು ಬೇರಿಂಗಿಗೆ ಹತ್ತಿರ ಸರಿಸಲು ಜಾಗವಿದ್ದರೆ ಸರಿಸಿ. ಅದಕ್ಕೆ ಖರ್ಚಿಲ್ಲ.

ಇನ್ನೊಂದು ಬಗೆಯ ಅಸಮತೋಲನ ನಿಂತ ಶಾಫ್ಟಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅದೇ 1000 ಮಿಮೀ ಅಂತರದ ಶಾಫ್ಟಿನಲ್ಲಿ ಎಡ ಬೇರಿಂಗಿನಿಂದ 250 ಮಿಮೀಗೆ ಒಂದು ಪುಲ್ಲಿ, 750 ಮಿಮೀಗೆ ಇನ್ನೊಂದು. ಎರಡರಲ್ಲೂ 150 ಮಿಮೀ ದೂರದಲ್ಲಿ 50 ಗ್ರಾಂ ಹೆಚ್ಚಿದೆ. ಆದರೆ ಒಂದರ ಭಾರ ಮೇಲ್ಗಡೆ, ಇನ್ನೊಂದರದು ಕೆಳಗಡೆ. ಕೈಯಿಂದ ತಿರುಗಿಸಿ ಬಿಟ್ಟರೆ ಶಾಫ್ಟು ಎಲ್ಲಿ ಬೇಕಾದರೂ ನಿಲ್ಲುತ್ತದೆ, ಬ್ಯಾಲೆನ್ಸ್ ಸರಿಯಿದೆ ಎಂದೇ ಅನ್ನಿಸುತ್ತದೆ. 1440 ಆರ್‌ಪಿಎಂನಲ್ಲಿ ಓಡಿಸಿದಾಗ ಎರಡೂ ಪುಲ್ಲಿಗಳು ತಲಾ 170 ನ್ಯೂಟನ್ನಿನಂತೆ ಎದುರುಬದುರು ಎಳೆದು ಶಾಫ್ಟನ್ನು ತಿರುಚಲು ನೋಡುತ್ತವೆ. ಪ್ರತಿ ಬೇರಿಂಗಿಗೂ 85 ನ್ಯೂಟನ್, ಸುಮಾರು 8.7 ಕಿಲೋ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಬೀಳುತ್ತದೆ. ಮೊದಲಿನದು ಸ್ಥಿರ ಅಸಮತೋಲನ, ಎರಡನೆಯದು ಜೋಡಿ ಬಲದ ಅಸಮತೋಲನ. ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ. ಉದ್ದನೆಯ ರೋಟರಿಗೆ ಒಂದೇ ಕಡೆ ತೂಕ ಹಾಕಿ ಕೈತೊಳೆದುಕೊಂಡರೆ ಸಾಲದು, ಎರಡು ತುದಿಗಳಲ್ಲೂ ಸರಿಪಡಿಸಬೇಕು ಎನ್ನುವುದು ಇದಕ್ಕೇ.

ಮೈಸೂರಿನಲ್ಲೇ ಕಣ್ಣಾರೆ ನೋಡಿ

ರೈಲು ನಿಲ್ದಾಣದ ಪಕ್ಕದಲ್ಲಿ, ಕೆಆರ್‌ಎಸ್ ರಸ್ತೆಯಲ್ಲಿ 1979ರಲ್ಲಿ ಆರಂಭವಾದ ರೈಲ್ವೆ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಉಗಿಬಂಡಿಯ ದೊಡ್ಡ ಚಕ್ರಗಳನ್ನು ಒಮ್ಮೆ ನಿಧಾನವಾಗಿ ನೋಡಿ. ಉದ್ದನೆಯ ಉಕ್ಕಿನ ರಾಡು ಚಕ್ರಕ್ಕೆ ಸೇರುವ ಕ್ರ್ಯಾಂಕ್ ಪಿನ್ ಒಂದು ಬದಿಯಲ್ಲಿರುತ್ತದೆ. ಅದರ ಎದುರು ಬದಿಯಲ್ಲಿ ಚಕ್ರದ ಕಡ್ಡಿಗಳ ನಡುವೆ ಅರ್ಧಚಂದ್ರದ ಆಕಾರದಲ್ಲಿ ಲೋಹ ತುಂಬಿರುತ್ತದೆ. ಅಲಂಕಾರಕ್ಕೆ ಮಾಡಿದ್ದಲ್ಲ ಅದು; ಪಿನ್ನು ಮತ್ತು ರಾಡಿನ ಭಾರಕ್ಕೆ ಎದುರು ಕೊಟ್ಟ ಬ್ಯಾಲೆನ್ಸ್ ತೂಕ. ಹಿಂದೆ ಮುಂದೆ ಓಡಾಡುವ ಪಿಸ್ಟನ್ನಿನ ತೂಕದ ಒಂದು ಅಂಶವನ್ನೂ ಅದಕ್ಕೆ ಸೇರಿಸಿರುತ್ತಾರೆ. ಹಾಗೆ ಸೇರಿಸಿದ ಹೆಚ್ಚುವರಿ ತೂಕ ಚಕ್ರ ಸುತ್ತಿದಂತೆಲ್ಲ ಹಳಿಯನ್ನು ಮೇಲಿನಿಂದ ಬಡಿಯುತ್ತದೆ. ಹಳಿ ಮತ್ತು ಸೇತುವೆ ಕಟ್ಟುವ ಎಂಜಿನಿಯರುಗಳು ಇದನ್ನು ಹ್ಯಾಮರ್ ಬ್ಲೋ ಎಂದು ಕರೆದು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದರು.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಮೋಟರ್‌ಸೈಕಲ್‌ಗಳಲ್ಲೂ ಇದೇ ಪಾಠ ಇತ್ತು. 250 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಕ್ರ್ಯಾಂಕಿಗೆ ಎದುರು ತೂಕ ಕೊಟ್ಟು ಪಿಸ್ಟನ್ನಿನ ಜಗ್ಗಾಟವನ್ನು ಪೂರ್ತಿ ಅಳಿಸಲು ಹೊರಟರೆ ಅಷ್ಟೇ ಜಗ್ಗಾಟ ಅಡ್ಡ ದಿಕ್ಕಿನಲ್ಲಿ ಹುಟ್ಟಿಕೊಳ್ಳುತ್ತದೆ. ಅದಕ್ಕೇ ಒಂಟಿ ಸಿಲಿಂಡರ್ ಎಂಜಿನ್‌ಗಳಲ್ಲಿ ಒಂದು ಅಂಶವನ್ನಷ್ಟೇ ಬ್ಯಾಲೆನ್ಸ್ ಮಾಡಿ ಉಳಿದದ್ದನ್ನು ಕ್ರ್ಯಾಂಕ್ ಬೇರಿಂಗಿಗೂ ಚಾಸಿಗೂ ಬಿಡುತ್ತಾರೆ. ಅದೇ ಕಾರ್ಖಾನೆಯ ಯೆಜ್ಡಿ 350 ಟ್ವಿನ್‌ನಲ್ಲಿ ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ, ಮುಖ್ಯ ಜಗ್ಗಾಟಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಎರಡು ಸಿಲಿಂಡರುಗಳು ಪಕ್ಕಪಕ್ಕದಲ್ಲಿರುವುದರಿಂದ ತಿರುಚುವ ಜೋಡಿ ಬಲ ಉಳಿದುಕೊಳ್ಳುತ್ತದೆ. ಮೇಲೆ ಹೇಳಿದ ಎರಡು ಪುಲ್ಲಿಗಳ ಕಥೆಯೇ ಇದು.

ಮೂರನೆಯ ಉದಾಹರಣೆ ಯಾವ ಟೈರ್ ಅಂಗಡಿಯಲ್ಲೂ ಸಿಗುತ್ತದೆ. ಕಾರಿನ ಚಕ್ರವನ್ನು ಯಂತ್ರಕ್ಕೆ ಹಾಕಿ ರಿಮ್ಮಿನ ಒಳಬದಿಗೊಂದು, ಹೊರಬದಿಗೊಂದು ತೂಕ ಅಂಟಿಸುವುದನ್ನು ನೋಡಿದ್ದೀರಲ್ಲ? ಅದೇ ಎರಡು ಸಮತಲದ ಬ್ಯಾಲೆನ್ಸಿಂಗ್. ರಿಮ್ಮಿನ ಅಂಚಿನಲ್ಲಿ, 180 ಮಿಮೀ ದೂರದಲ್ಲಿ, 30 ಗ್ರಾಂ ವ್ಯತ್ಯಾಸವಿದ್ದರೆ ಊರೊಳಗೆ 40 ಕಿಮೀ ವೇಗದಲ್ಲಿ ಎಳೆತ ಬರೀ 7 ನ್ಯೂಟನ್, ಯಾರಿಗೂ ಗೊತ್ತಾಗುವುದಿಲ್ಲ. ಬೆಂಗಳೂರು ಹೆದ್ದಾರಿಗೆ ಬಂದು 100 ಮುಟ್ಟಿಸಿದರೆ ಅದು 46 ನ್ಯೂಟನ್ ಆಗಿ ಸ್ಟಿಯರಿಂಗ್ ಅದುರತೊಡಗುತ್ತದೆ. ವೇಗ ಎರಡೂವರೆ ಪಟ್ಟು, ಬಲ ಆರು ಪಟ್ಟಿಗಿಂತ ಹೆಚ್ಚು.

ಅದುರುವುದೆಲ್ಲ ಬ್ಯಾಲೆನ್ಸ್ ದೋಷವಲ್ಲ

ಶಾಫ್ಟು ಬಾಗಿರಬಹುದು, ಮೋಟರ್ ಮತ್ತು ಯಂತ್ರದ ಅಲೈನ್‌ಮೆಂಟ್ ತಪ್ಪಿರಬಹುದು, ಬೋಲ್ಟ್ ಸಡಿಲವಿರಬಹುದು. ಮೂಲ ತಿಳಿಯದೆ ತೂಕ ಹಾಕಿದರೆ ಒಂದು ದೋಷದ ಮೇಲೆ ಇನ್ನೊಂದನ್ನು ಹೇರಿದಂತೆ. ಈ ಪರೀಕ್ಷೆಗಳನ್ನು ಕ್ರಮವಾಗಿ ಮಾಡಿ.

1. ಬೇರಿಂಗ್ ಹೌಸಿಂಗ್ ಮತ್ತು ಫೌಂಡೇಶನ್ ಬೋಲ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಿ ನೋಡಿ. ಒಂದು ಬೋಲ್ಟ್ ಬಿಗಿಯಾದ ಕೂಡಲೇ ಅದುರುವುದು ತಗ್ಗಿದರೆ ದೋಷ ಸಡಿಲಿಕೆಯದು.

2. ಬೆಲ್ಟ್ ಕಳಚಿ ಮೋಟರನ್ನು ಒಂದನ್ನೇ ಓಡಿಸಿ. ಆಗಲೂ ಅದುರಿದರೆ ಮೋಟರ್ ಅಥವಾ ಅದರ ಪುಲ್ಲಿಯನ್ನು ನೋಡಬೇಕು. ಅದುರದಿದ್ದರೆ ದೋಷ ಯಂತ್ರದ ಕಡೆ ಅಥವಾ ಬೆಲ್ಟಿನಲ್ಲಿದೆ.

3. ಪೂರ್ಣ ವೇಗದಲ್ಲಿರುವಾಗ ಸ್ವಿಚ್ ಆಫ್ ಮಾಡಿ. ಕರೆಂಟ್ ಹೋದ ಕ್ಷಣದಲ್ಲೇ ಅದುರುವುದು ನಿಂತರೆ ಮೂಲ ಮೋಟರಿನ ವಿದ್ಯುತ್ ಭಾಗದಲ್ಲಿದೆ. ವೇಗ ಇಳಿದಂತೆ ಮೆಲ್ಲಗೆ ಇಳಿದರೆ ಅಸಮತೋಲನದ ಲಕ್ಷಣ. ಇಳಿಯುವಾಗ ನಡುವೆ ಯಾವುದೋ ಒಂದು ವೇಗದಲ್ಲಿ ಇದ್ದಕ್ಕಿದ್ದಂತೆ ಜೋರಾದರೆ ಆ ವೇಗಕ್ಕೆ ಸ್ಟ್ಯಾಂಡ್ ಅನುರಣಿಸುತ್ತಿದೆ; ಸ್ಟ್ಯಾಂಡನ್ನು ಬಲಪಡಿಸಬೇಕು.

4. ಕಂಪನ ಅಳೆಯುವ ಮೀಟರ್ ಇದ್ದರೆ ಆವರ್ತನ ನೋಡಿ. ಅಸಮತೋಲನದ ಕಂಪನ ಸುತ್ತಿಗೆ ಒಮ್ಮೆ ಮಾತ್ರ ಬರುತ್ತದೆ. 1440 ಆರ್‌ಪಿಎಂ ಯಂತ್ರದಲ್ಲಿ 24 ಹರ್ಟ್ಸ್. ಸುತ್ತಿಗೆ ಎರಡು ಸಲ ಬರುತ್ತಿದ್ದು, ಶಾಫ್ಟಿನ ಉದ್ದಕ್ಕೂ ಜೋರಾಗಿದ್ದರೆ ಅಲೈನ್‌ಮೆಂಟ್ ಅನುಮಾನಿಸಿ.

5. ಅಸಮತೋಲನದ ಕಂಪನ ಶಾಫ್ಟಿಗೆ ಅಡ್ಡವಾಗಿ ಹೆಚ್ಚು, ಉದ್ದಕ್ಕೆ ಕಡಿಮೆ. ಹೊರಗೆ ಚಾಚಿದ ಇಂಪೆಲ್ಲರ್ ಇದಕ್ಕೆ ಅಪವಾದ. ಅಲ್ಲಿ ಉದ್ದಕ್ಕೂ ಸಾಕಷ್ಟು ಕಾಣಿಸುತ್ತದೆ.

ತೆಗೆದ ಬೇರಿಂಗನ್ನು ಗುಜರಿಗೆ ಹಾಕಬೇಡಿ

ಹಾಳಾದ ಬೇರಿಂಗನ್ನು ಬಿಡಿಸಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಗೋಲಿಗಳು ಓಡಿದ ಹಾದಿಯನ್ನು ಬೆಳಕಿಗೆ ಹಿಡಿದು ನೋಡಿ. ಮಾಮೂಲಿ ಹೊರೆ, ಅಂದರೆ ಶಾಫ್ಟಿನ ಭಾರ ಮತ್ತು ಬೆಲ್ಟಿನ ಎಳೆತ, ಒಂದೇ ದಿಕ್ಕಿನಲ್ಲಿರುತ್ತದೆ. ಆಗ ಒಳ ರಿಂಗಿನಲ್ಲಿ ಸುತ್ತಲೂ ಗುರುತು ಬೀಳುತ್ತದೆ, ಹೊರ ರಿಂಗಿನಲ್ಲಿ ಹೊರೆ ಬಿದ್ದ ಕಡೆ ಮಾತ್ರ. ಅಸಮತೋಲನದ ಬಲ ಮೇಲುಗೈ ಪಡೆದಿದ್ದರೆ ಇದು ತಿರುವುಮುರುವು. ಬಲ ಶಾಫ್ಟಿನ ಜೊತೆಗೇ ತಿರುಗುವುದರಿಂದ ಒಳ ರಿಂಗಿನ ಒಂದೇ ಭಾಗ ಸದಾ ಒತ್ತಡದಲ್ಲಿರುತ್ತದೆ, ಹೊರ ರಿಂಗಿನಲ್ಲಿ ಸುತ್ತಲೂ ಹಾದಿ ಮೂಡುತ್ತದೆ.

ಇನ್ನೊಂದು ಸುಳಿವು ಹೊರ ರಿಂಗಿನ ಬೆನ್ನಿನಲ್ಲಿದೆ. ಅದು ಹೌಸಿಂಗ್ ಒಳಗೆ ಸುತ್ತಿ ಹೊಳಪಾಗಿದ್ದರೆ ಅಥವಾ ಕೆಂಪು ಕಂದು ಪುಡಿ ಕೂತಿದ್ದರೆ ತಿರುಗುವ ಹೊರೆ ಅದನ್ನು ಜರುಗಿಸಿದೆ ಎಂದು ಅನುಮಾನಿಸಬಹುದು. ಇಂಥ ಕಡೆ ಹೌಸಿಂಗಿಗೆ ಪಂಚ್ ಹೊಡೆದು ಚುಕ್ಕೆ ಎಬ್ಬಿಸುವುದು, ತಗಡಿನ ಚೂರು ತುರುಕುವುದು ನಮ್ಮಲ್ಲಿ ನಡೆದುಬಂದ ಉಪಾಯ. ಒಂದು ವಾರ ಬಿಗಿ ಇರುತ್ತದೆ, ಆಮೇಲೆ ಬೇರಿಂಗ್ ಓರೆಯಾಗಿ ಕೂತು ಇನ್ನೂ ಬೇಗ ಹೋಗುತ್ತದೆ. ಹೌಸಿಂಗ್ ಸವೆದಿದ್ದರೆ ಬುಶ್ ಹಾಕಿಸಿ ಅಳತೆಗೆ ಬೋರ್ ಮಾಡಿಸಬೇಕು. ಅದಕ್ಕೂ ಮೊದಲು ಅದನ್ನು ಸವೆಸಿದ ಬಲವನ್ನು ಹುಡುಕಬೇಕು.

ತೂಕ ಹಾಕುವ ಮುಂಚಿನ ಕೆಲಸ

ಎಷ್ಟೋ ಯಂತ್ರಗಳಿಗೆ ಬ್ಯಾಲೆನ್ಸಿಂಗ್ ಬೇಕಾಗುವುದೇ ಇಲ್ಲ, ಶುಚಿ ಮಾಡಿದರೆ ಸಾಕಾಗುತ್ತದೆ. ಇಂಪೆಲ್ಲರ್ ರೆಕ್ಕೆಗಳ ಬೆನ್ನಿಗೆ ಅಂಟಿದ ಹಿಟ್ಟು, ಎಣ್ಣೆ ಜಿಡ್ಡು, ಬಣ್ಣದ ಪದರ ಎಲ್ಲವನ್ನೂ ಕೆರೆದು ತೆಗೆಯಿರಿ. ಅರ್ಧ ಮಾತ್ರ ಉದುರಿದರೆ ಮೊದಲಿಗಿಂತ ಹೆಚ್ಚು ಅದುರುತ್ತದೆ.

ಪಲ್ವರೈಸರಿನಲ್ಲಿ ಸವೆದ ಹ್ಯಾಮರ್ ಒಂದನ್ನೇ ಬದಲಿಸಬೇಡಿ. ಹೊಸ ಹ್ಯಾಮರುಗಳನ್ನೆಲ್ಲ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಸಮತೂಕದವನ್ನು ಎದುರುಬದುರು ಪಿನ್ನುಗಳಿಗೆ, ಉದ್ದದಲ್ಲೂ ಒಂದೇ ಸಾಲಿಗೆ ಬರುವಂತೆ ಹಾಕಿ. ಸೀಲಿಂಗ್ ಫ್ಯಾನಿನದೂ ಇದೇ ನಿಯಮ. ಒಂದು ಸೆಟ್ಟಿನ ರೆಕ್ಕೆಗಳನ್ನು ಇನ್ನೊಂದು ಸೆಟ್ಟಿನವುಗಳ ಜೊತೆ ಬೆರೆಸಬಾರದು.

ಪುಲ್ಲಿಯ ಬೋರ್ ನಡುಮಧ್ಯದಲ್ಲಿದೆಯೇ ಎಂದು ಡಯಲ್ ಗೇಜ್ ಇಟ್ಟು ನೋಡಿ. 10 ಕಿಲೋ ಪುಲ್ಲಿಯ ಬೋರ್ 0.2 ಮಿಮೀ ಪಕ್ಕಕ್ಕೆ ಸರಿದಿದ್ದರೆ, ಅದು 200 ಮಿಮೀ ದೂರದಲ್ಲಿ 10 ಗ್ರಾಂ ಅಂಟಿಸಿದ್ದಕ್ಕೆ ಸಮ. ಮಧ್ಯದಲ್ಲಿಲ್ಲದ ಬೋರನ್ನು ಎಮರಿ ಪೇಪರಿನಿಂದ ಉಜ್ಜಿ ಸಡಿಲ ಮಾಡಿ ಕೂರಿಸಿದರೆ ದೋಷ ಇನ್ನೂ ಹೆಚ್ಚುತ್ತದೆ. ಶಾಫ್ಟು ಬಾಗಿದೆಯೇ ಎಂಬುದನ್ನೂ ಅದೇ ಗೇಜಿನಲ್ಲಿ ಕೈಯಿಂದ ತಿರುಗಿಸಿ ನೋಡಬಹುದು. ಬಾಗಿದ ಶಾಫ್ಟನ್ನು ತೂಕ ಹಾಕಿ ಸುಧಾರಿಸುವ ಪ್ರಯತ್ನ ಬೇಡ.

ಅಗಲಕ್ಕಿಂತ ವ್ಯಾಸ ಐದು ಪಟ್ಟಿಗೂ ಹೆಚ್ಚಿರುವ ತೆಳ್ಳನೆಯ ಪುಲ್ಲಿ ಅಥವಾ ಫ್ಲೈವೀಲನ್ನು ಮನೆಯಲ್ಲೇ ಸ್ಥಿರ ಬ್ಯಾಲೆನ್ಸ್ ಮಾಡಬಹುದು. ಅದನ್ನು ನೇರವಾದ ಮ್ಯಾಂಡ್ರೆಲ್‌ಗೆ ಹಾಕಿ, ಸ್ಪಿರಿಟ್ ಲೆವೆಲ್ ಹಿಡಿದು ಸಮತಟ್ಟು ಮಾಡಿದ ಎರಡು ಉಕ್ಕಿನ ಅಂಚುಗಳ ಮೇಲಿಡಿ. ಭಾರದ ಬದಿ ಕೆಳಗೆ ಬಂದು ನಿಲ್ಲುತ್ತದೆ. ಮೇಲ್ಬದಿಗೆ ಮೇಣ ಅಥವಾ ಪುಟ್ಟಿ ಹಚ್ಚುತ್ತಾ, ಎಲ್ಲಿ ಬಿಟ್ಟರೂ ನಿಲ್ಲುವ ಹಂತಕ್ಕೆ ತನ್ನಿ. ಹಚ್ಚಿದ್ದನ್ನು ತೂಗಿದರೆ ಬೇಕಾದ ತೂಕ ತಿಳಿಯುತ್ತದೆ.

ನಾಲ್ಕು ಓಟದ ವಿಧಾನ

ಇಂಪೆಲ್ಲರನ್ನು ಕಳಚದೆ, ಅದು ಇದ್ದ ಜಾಗದಲ್ಲೇ ಬ್ಯಾಲೆನ್ಸ್ ಮಾಡುವ ಹಳೆಯ ವಿಧಾನವೊಂದಿದೆ. ಕಂಪನದ ಮೀಟರ್, ಕೈವಾರ, ಸ್ಕೇಲು, ಪ್ರೊಟ್ರಾಕ್ಟರ್ ಇದ್ದರೆ ಸಾಕು. ಒಂದೇ ಸಮತಲದ ದೋಷಕ್ಕೆ, ಅಂದರೆ ತೆಳ್ಳನೆಯ ರೋಟರುಗಳಿಗೆ ಇದು ಸಲ್ಲುತ್ತದೆ. ಮೀಟರ್ ಇಲ್ಲದವರು ಕಂಪನ ತೋರಿಸುವ ಮೊಬೈಲ್ ಆ್ಯಪ್ ಬಳಸಬಹುದು. ಫೋನನ್ನು ಕೈಯಲ್ಲಿ ಹಿಡಿಯದೆ, ಹೌಸಿಂಗಿನ ಒಂದೇ ಜಾಗಕ್ಕೆ ನಾಲ್ಕೂ ಸಲ ಒಂದೇ ರೀತಿ ಬಿಗಿಯಬೇಕು, ಸುತ್ತಿನ ಆವರ್ತನದ ಅಂಕಿಯನ್ನೇ ಓದಬೇಕು. ಹೋಲಿಕೆಗೆ ಅದು ಸಾಕು. ಮಾನದಂಡದ ಜೊತೆ ಹೋಲಿಸಲು ಮಾತ್ರ ನಿಜವಾದ ಮೀಟರೇ ಬೇಕು.

ಮೊದಲು ಸುರಕ್ಷತೆ. 200 ಮಿಮೀ ದೂರದಲ್ಲಿ 1440 ಆರ್‌ಪಿಎಂನಲ್ಲಿ ಸುತ್ತುವ ನಟ್ಟು ಗಂಟೆಗೆ 108 ಕಿಮೀ ವೇಗದಲ್ಲಿರುತ್ತದೆ. ಪರೀಕ್ಷೆಯ ತೂಕವನ್ನು ಟೇಪಿನಿಂದ ಅಂಟಿಸಬೇಡಿ. ಬೋಲ್ಟ್ ಹಾಕಿ ಅಥವಾ ಬಿಗಿಯಾದ ಕ್ಲಾಂಪ್ ಬಳಸಿ. ಕ್ಲಾಂಪಿನ ತೂಕವೂ ಲೆಕ್ಕಕ್ಕೆ ಸೇರಬೇಕು. ಕವರ್ ಮುಚ್ಚಿಯೇ ಓಡಿಸಿ. ಪ್ರತಿ ಸಲ ಒಳಗೆ ಕೈಹಾಕುವ ಮೊದಲು ಮೇನ್ ಇಳಿಸಿ, ಫ್ಯೂಸ್ ಕ್ಯಾರಿಯರ್ ನಿಮ್ಮ ಜೇಬಿನಲ್ಲಿರಲಿ.

ಪರೀಕ್ಷೆಯ ತೂಕ ಹುಟ್ಟಿಸುವ ಎಳೆತ ರೋಟರಿನ ಭಾರದ ಸುಮಾರು ಹತ್ತನೇ ಒಂದು ಭಾಗದಷ್ಟಿದ್ದರೆ ಚೆನ್ನ. 30 ಕಿಲೋ ಇಂಪೆಲ್ಲರ್, 1440 ಆರ್‌ಪಿಎಂ, 200 ಮಿಮೀ ದೂರ ಎಂದಾದರೆ 6ರಿಂದ 10 ಗ್ರಾಂ.

ಇನ್ನು ಕ್ರಮ. ಇಂಪೆಲ್ಲರಿನ ಮೇಲೆ ಸಮದೂರದ ಮೂರು ಜಾಗ ಗುರುತಿಸಿ: 1, 2, 3, ಒಂದಕ್ಕೂ ಇನ್ನೊಂದಕ್ಕೂ 120 ಡಿಗ್ರಿ. ಮೊದಲ ಓಟ ಇದ್ದ ಹಾಗೆಯೇ. ಓದಿದ ಅಂಕಿ ಸೆಕೆಂಡಿಗೆ 6.0 ಮಿಮೀ ಎಂದಿರಲಿ. ಆಮೇಲೆ 10 ಗ್ರಾಂ ತೂಕವನ್ನು ಜಾಗ 1ಕ್ಕೆ ಹಾಕಿ ಓಡಿಸಿ: 3.9. ಅಲ್ಲಿಂದ ತೆಗೆದು ಜಾಗ 2ಕ್ಕೆ: 6.6. ಜಾಗ 3ಕ್ಕೆ: 9.9. ನಾಲ್ಕೂ ಓಟದಲ್ಲಿ ವೇಗ ಒಂದೇ ಇರಬೇಕು.

ಈಗ ಕಾಗದ ತೆಗೆದುಕೊಳ್ಳಿ. 1 ಸೆಂಮೀ ಅಂದರೆ 1 ಅಂಕಿ ಎಂದು ಲೆಕ್ಕ ಹಿಡಿದು 6.0 ಸೆಂಮೀ ತ್ರಿಜ್ಯದ ವೃತ್ತ ಬರೆಯಿರಿ. ಅದರ ಪರಿಧಿಯ ಮೇಲೆ 0, 120, 240 ಡಿಗ್ರಿಗಳಲ್ಲಿ 1, 2, 3 ಎಂದು ಗುರುತಿಸಿ. ಗುರುತು 1ರಲ್ಲಿ ಕೈವಾರದ ಮೊನೆಯಿಟ್ಟು 3.9 ಸೆಂಮೀ ಕಂಸ, ಗುರುತು 2ರಿಂದ 6.6, ಗುರುತು 3ರಿಂದ 9.9 ಎಳೆಯಿರಿ. ಮೂರೂ ಕಂಸಗಳು ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ವೃತ್ತದ ಕೇಂದ್ರದಿಂದ ಆ ಬಿಂದುವಿಗೆ ಗೆರೆ ಎಳೆದು ಅಳೆಯಿರಿ. ಈ ಉದಾಹರಣೆಯಲ್ಲಿ ಉದ್ದ 4.0, ದಿಕ್ಕು ಗುರುತು 1ರಿಂದ 2ರ ಕಡೆಗೆ 40 ಡಿಗ್ರಿ. ಹಾಕಬೇಕಾದ ತೂಕ: 10 ಗ್ರಾಂ × 6.0 ÷ 4.0 = 15 ಗ್ರಾಂ. ಜಾಗ: ಇಂಪೆಲ್ಲರಿನಲ್ಲಿ ಗುರುತು 1ರಿಂದ 2ರ ಕಡೆಗೆ 40 ಡಿಗ್ರಿ, ಪರೀಕ್ಷೆಯ ತೂಕ ಹಾಕಿದ ಅದೇ 200 ಮಿಮೀ ದೂರ.

ವಿದ್ಯಾರ್ಥಿಗಳಿಗೊಂದು ಮರುಪರಿಶೀಲನೆ: ಕೊನೆಯ ಮೂರು ಅಂಕಿಗಳ ವರ್ಗಗಳ ಮೊತ್ತ, 6.0 ಮತ್ತು 4.0ರ ವರ್ಗಗಳ ಮೊತ್ತದ ಮೂರು ಪಟ್ಟಿಗೆ ಸಮನಿರಬೇಕು. ಅಂದರೆ ಸುಮಾರು 156. ಕಂಸಗಳು ಒಂದೆಡೆ ಸೇರದಿದ್ದರೆ ದೋಷ ಬರೀ ಅಸಮತೋಲನದ್ದಲ್ಲ. ಸಡಿಲಿಕೆ ಅಥವಾ ಬದಲಾಗುವ ವೇಗವನ್ನು ಹುಡುಕಿ.

ತೂಕ ಸೇರಿಸುವುದು, ತೆಗೆಯುವುದು

ತಗಡಿನ ಇಂಪೆಲ್ಲರಿಗೆ ತೂಕವನ್ನು ಬೆಸೆಯುವುದು ವಾಡಿಕೆ. ಆಗ ವೆಲ್ಡಿಂಗ್ ಮಷಿನ್ನಿನ ಅರ್ತ್ ಕ್ಲಾಂಪನ್ನು ಇಂಪೆಲ್ಲರಿಗೇ ಹಾಕಿ. ಸ್ಟ್ಯಾಂಡಿಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಗೋಲಿಗಳ ಮೇಲೆ ಸುಟ್ಟ ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಅಂದೇ ಹಾಳು. ವೆಲ್ಡಿಂಗ್ ಕಡ್ಡಿಯಿಂದ ಕೂತ ಲೋಹದ ತೂಕವೂ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಎರಕದ ಪುಲ್ಲಿಯಲ್ಲಿ ಭಾರದ ಬದಿಗೆ ಡ್ರಿಲ್ ಹಾಕಿ ತೆಗೆಯುವುದು ಸುಲಭ. 10 ಮಿಮೀ ಡ್ರಿಲ್ಲಿನಲ್ಲಿ 10 ಮಿಮೀ ಆಳಕ್ಕೆ ಉಕ್ಕಾದರೆ 6.2 ಗ್ರಾಂ, ಎರಕದ ಕಬ್ಬಿಣವಾದರೆ ಸುಮಾರು 5.6 ಗ್ರಾಂ ಹೋಗುತ್ತದೆ. ಆಳವಾದ ಒಂದು ತೂತಿಗಿಂತ ಅಕ್ಕಪಕ್ಕ ಎರಡು ಮೂರು ಸಣ್ಣ ತೂತು ಒಳ್ಳೆಯದು. ಕಡ್ಡಿ ಮತ್ತು ಅಂಚು ಸೇರುವ ಜಾಗದಲ್ಲಿ ಮಾತ್ರ ಕೊರೆಯಬೇಡಿ.

ಎಷ್ಟಾದರೆ ಸಾಕು

ಸೊನ್ನೆ ಅಸಮತೋಲನ ಯಾರಿಂದಲೂ ಆಗದು, ಬೇಕಾಗಿಯೂ ಇಲ್ಲ. ಐಎಸ್‌ಒ 21940-11 ಎಂಬ ಮಾನದಂಡ ಯಂತ್ರಗಳನ್ನು ದರ್ಜೆಗಳಾಗಿ ವಿಂಗಡಿಸಿದೆ. ಹಿಂದೆ ಇದು ಐಎಸ್‌ಒ 1940 ಆಗಿತ್ತು. ಫ್ಯಾನು, ಪಂಪುಗಳಿಗೆ ಜಿ 6.3 ದರ್ಜೆ, ಟರ್ಬೈನಿನಂಥ ವೇಗದ ಯಂತ್ರಗಳಿಗೆ ಇನ್ನೂ ಬಿಗಿಯಾದ ಜಿ 2.5. ಲೆಕ್ಕ ಸುಲಭ: 6.3ನ್ನು ಕೋನೀಯ ವೇಗದಿಂದ ಭಾಗಿಸಿ 1000ದಿಂದ ಗುಣಿಸಿದರೆ, ರೋಟರಿನ ಒಂದು ಕಿಲೋಗೆ ಎಷ್ಟು ಗ್ರಾಂ-ಮಿಮೀ ಉಳಿಯಬಹುದು ಎಂಬುದು ಸಿಗುತ್ತದೆ. 1440 ಆರ್‌ಪಿಎಂಗೆ ಅದು 42. ನಮ್ಮ 30 ಕಿಲೋ ಇಂಪೆಲ್ಲರಿಗೆ ಒಟ್ಟು ಸುಮಾರು 1250 ಗ್ರಾಂ-ಮಿಮೀ; 200 ಮಿಮೀ ದೂರದಲ್ಲಿ 6 ಗ್ರಾಮಿನಷ್ಟು. 2880 ಆರ್‌ಪಿಎಂ ಆದರೆ 3 ಗ್ರಾಂ ಮಾತ್ರ.

ಓಡುವ ಯಂತ್ರದ ಕಂಪನಕ್ಕೂ ಅಳತೆಗೋಲಿದೆ. 15 ಕಿಲೋವ್ಯಾಟ್, ಅಂದರೆ ಸುಮಾರು 20 ಎಚ್‌ಪಿವರೆಗಿನ ಸಣ್ಣ ಯಂತ್ರಗಳಿಗೆ ಐಎಸ್‌ಒ 10816-1 ಕೊಟ್ಟ ಮಿತಿಗಳು ಬಳಕೆಯಲ್ಲಿವೆ. ಬೇರಿಂಗ್ ಹೌಸಿಂಗ್ ಮೇಲೆ ಸೆಕೆಂಡಿಗೆ 0.71 ಮಿಮೀ ಒಳಗಿದ್ದರೆ ಹೊಸ ಯಂತ್ರದಷ್ಟು ಚೆನ್ನ. 1.8ರವರೆಗೆ ಚಿಂತೆಯಿಲ್ಲದೆ ಓಡಿಸಬಹುದು. 1.8ರಿಂದ 4.5ರ ನಡುವೆ ದುರಸ್ತಿಗೆ ದಿನ ಗೊತ್ತುಮಾಡಿ. 4.5 ದಾಟಿದರೆ ನಿಲ್ಲಿಸಿ.

ಹೊರಗೆ ಕೊಡುವಾಗ ಕೇಳಬೇಕಾದ್ದು

ಉದ್ದನೆಯ ರೋಟರು, ಪಲ್ವರೈಸರಿನ ಶಾಫ್ಟು, 2880 ಆರ್‌ಪಿಎಂ ಮೇಲಿನ ಯಾವುದೇ ಭಾಗ ಎರಡು ಸಮತಲದಲ್ಲಿ ಬ್ಯಾಲೆನ್ಸ್ ಆಗಬೇಕು. ಅದಕ್ಕೆ ಬ್ಯಾಲೆನ್ಸಿಂಗ್ ಮಷಿನ್ ಅಥವಾ ಕೋನವನ್ನೂ ಅಳೆಯುವ ಸಂಚಾರಿ ಉಪಕರಣ ಬೇಕು. ಕೆಲಸ ಒಪ್ಪಿಸುವಾಗ ರೋಟರಿನ ತೂಕ, ಅದು ಓಡುವ ಆರ್‌ಪಿಎಂ, ಬೇಕಾದ ದರ್ಜೆ ಮೂರನ್ನೂ ಬರೆದು ಕೊಡಿ. ಕೀಲಿ ವಿಷಯ ಮೊದಲೇ ಮಾತಾಡಿಕೊಳ್ಳಿ: ಶಾಫ್ಟನ್ನೂ ಪುಲ್ಲಿಯನ್ನೂ ಬೇರೆಬೇರೆ ಬ್ಯಾಲೆನ್ಸ್ ಮಾಡುವುದಾದರೆ ಎರಡಕ್ಕೂ ಅರ್ಧ ಕೀ ಹಾಕಿ ಮಾಡಬೇಕು. ಒಬ್ಬರು ಪೂರ್ತಿ ಕೀ, ಇನ್ನೊಬ್ಬರು ಕೀ ಇಲ್ಲದೆ ಮಾಡಿದರೆ ಎರಡೂ ಸರಿಯಿದ್ದು ಜೋಡಿಸಿದ ಮೇಲೆ ತಪ್ಪುತ್ತದೆ. ವಾಪಸ್ ಪಡೆಯುವಾಗ ಎರಡೂ ಸಮತಲಗಳಲ್ಲಿ ಉಳಿದ ಅಸಮತೋಲನ ಎಷ್ಟು ಗ್ರಾಂ-ಮಿಮೀ ಎಂಬ ರಿಪೋರ್ಟ್ ಕೇಳಿ. 'ಬ್ಯಾಲೆನ್ಸ್ ಆಗಿದೆ ಸಾರ್' ಎಂಬ ಬಾಯಿಮಾತಿಗೆ ಹಣ ಕೊಡಬೇಡಿ.

ಆ ರಿಪೋರ್ಟಿನ ಜೊತೆ ಒಂದು ನೋಟ್‌ಬುಕ್ ಇಡಿ. ಎಲ್ಲಿ ಎಷ್ಟು ತೂಕ ಹಾಕಿದಿರಿ, ಆಗ ಕಂಪನ ಎಷ್ಟಿತ್ತು, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಓದಿದ ಅಂಕಿ ಎಷ್ಟು ಎಂದು ಬರೆಯುತ್ತ ಹೋಗಿ. ಅಂಕಿ ಮೆಲ್ಲಗೆ ಏರುತ್ತಿದ್ದರೆ ಇಂಪೆಲ್ಲರಿಗೆ ಪುಡಿ ಅಂಟುತ್ತಿದೆ ಅಥವಾ ಹ್ಯಾಮರ್ ಸವೆಯುತ್ತಿದೆ. ಒಮ್ಮೆಗೇ ಹಾರಿದರೆ ಏನೋ ಮುರಿದು ಬಿದ್ದಿದೆ. 1.8 ದಾಟಿದ ತಿಂಗಳಲ್ಲೇ ಅರ್ಧ ದಿನ ನಿಲ್ಲಿಸಿ ಕೆರೆದು ತೊಳೆದರೆ ಖರ್ಚು ಅಲ್ಲಿಗೇ ಮುಗಿಯುತ್ತದೆ. 4.5ರವರೆಗೆ ಕಾದರೆ ಬೇರಿಂಗ್, ಹೌಸಿಂಗ್, ಲೇತ್ ಕೂಲಿ ಮೂರೂ ಸೇರಿ ಬಿಲ್ಲಾಗುತ್ತದೆ.